ಜಪಾನಿಗೆ ಹೋಗಿಬಂದ ಟವೆಲ್ಲು

ನನ್ನ ಟವೆಲ್ಲು ಮೊನ್ನೆ ಜಪಾನಿನಿಂದ ವಾಪಸ್ಸು ಬಂತು. ಹೋಗುವಾಗ ಅದರ ಮೇಲೆ ಅರಿಶಿನದ ಕಲೆಯಿತ್ತು, ಒಂದು ಮೂಲೆಯಲ್ಲಿ ಎಲೆಯಡಿಕೆಯ ಗುರುತೂ ಇತ್ತು. ಬರುವಾಗ ಒಗೆಸಿಕೊಂಡು, ಇಸ್ತ್ರಿ ಮಾಡಿಸಿಕೊಂಡು, ಹೆಣ್ಣು ನೋಡಲು ಹೊರಟ ಗಂಡಿನ ಹಾಗೆ ಬಂತು. ಚನ್ನಪಟ್ಟಣದಿಂದ ಪೂರ್ವಕ್ಕೆ ನಾನು ಹೋಗಿರುವುದು ಹೊಸೂರಿನವರೆಗೆ. ನನ್ನ ಹೆಗಲ ಮೇಲೆ ಕೂತು ಬೆವರು ಒರೆಸುತ್ತಿದ್ದ ಬಟ್ಟೆ ಸಮುದ್ರ ದಾಟಿ ಬಂದಿದೆ. ಹೊಟ್ಟೆಕಿಚ್ಚು ಅಂತ ಅಲ್ಲ, ಆದರೂ ಅದನ್ನು ಮುಟ್ಟುವುದಕ್ಕೆ ಒಂದು ಗಳಿಗೆ ಸಂಕೋಚವಾಯಿತು.

ಟವೆಲ್ಲಿನ ಮಹತ್ವ ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ಗೊತ್ತಿದ್ದರೂ ಹೇಳುತ್ತೇನೆ, ನನ್ನ ಸ್ವಭಾವ ಹಾಗೆ. ನಾನು ಬದುಕು ಶುರು ಮಾಡಿದ್ದು ದನದ ಸಂತೆಯಲ್ಲಿ ದಲ್ಲಾಳಿಯಾಗಿ. ಅಲ್ಲಿ ಎತ್ತಿನ ಬೆಲೆಯನ್ನು ಯಾರೂ ಬಾಯಲ್ಲಿ ಹೇಳುವುದಿಲ್ಲ. ಮಾರುವವನ ಕೈ, ಕೊಳ್ಳುವವನ ಕೈ ಎರಡರ ಮೇಲೂ ಒಂದು ಟವೆಲ್ಲು ಹೊದಿಸಿ, ಕೆಳಗೆ ಬೆರಳು ಹಿಡಿದು ವ್ಯಾಪಾರ. ಸುತ್ತ ನಿಂತವರಿಗೆ ಟವೆಲ್ಲು ಅಲ್ಲಾಡುವುದು ಮಾತ್ರ ಕಾಣುತ್ತದೆ. ಟವೆಲ್ಲಿನ ಕೆಳಗೆ ನಡೆದದ್ದನ್ನು ದೇವರೂ ಕೇಳಬಾರದು ಅಂತ ನಮ್ಮಲ್ಲಿ ಮಾತಿದೆ.

ಆ ಟವೆಲ್ಲಿನ ಕೆಳಗೇ ನಾನು ಮನೆ ಕಟ್ಟಿದೆ, ಮಕ್ಕಳ ಮದುವೆ ಮಾಡಿದೆ. ಆ ಅನುಭವದಿಂದ ನಿಮಗೊಂದು ಬುದ್ಧಿಮಾತು. ಚೌಕಾಸಿಗೆ ಇಳಿಯುವವನ ಕಾಲಲ್ಲಿ ಚಪ್ಪಲಿ ಇರಬೇಕು. ಇವನು ಯಾವ ಗಳಿಗೆಯಲ್ಲಾದರೂ ಎದ್ದು ಹೊರಟುಬಿಡುತ್ತಾನೆ ಅಂತ ಎದುರಿನವನಿಗೆ ಅನ್ನಿಸುತ್ತಿರಬೇಕು. ಬರಿಗಾಲಲ್ಲಿ ನಿಂತು ಬೆಲೆ ಕೇಳುವವನು ಆಗಲೇ ಸೋತ ಹಾಗೆ. ಸೀರೆ ಅಂಗಡಿಯವರು ಗಾದಿ ಹಾಸಿ, ಚಪ್ಪಲಿ ಬಿಡಿಸಿ, ಕಾಫಿ ಕೊಡುವುದು ಯಾಕೆ ಅಂದುಕೊಂಡಿರಿ?

ಹೊಂಗನೂರು ರಸ್ತೆಯಲ್ಲಿ ನನ್ನದೊಂದು ಹಳೆಯ ರೀಲಿಂಗ್ ಶೆಡ್ಡಿದೆ. ಒಂದು ಕಾಲದಲ್ಲಿ ಅಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುತ್ತಿದ್ದರು. ಕೆಲಸ ನಿಂತು ಎಷ್ಟೋ ಕಾಲವಾದರೂ ಸತ್ತ ಹುಳುವಿನ ವಾಸನೆ ಮಾತ್ರ ಗೋಡೆ ಬಿಟ್ಟು ಹೋಗಿರಲಿಲ್ಲ. ಅದನ್ನು ಬಾಡಿಗೆಗೆ ಕೇಳಿಕೊಂಡು ಬಂದವಳು ರೇಷ್ಮಾ, ನಮ್ಮ ಬೊಂಬೆ ಮಾಡುವ ಫಯಾಜ್ ಭಾಯ್ ಮಗಳು. ಹಾರೋಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಒಂದು ಜಪಾನಿ ಕಂಪನಿಗೆ ದುಭಾಷಿಯಾಗಿ ಹೋಗುತ್ತಾಳೆ. ಜಪಾನಿನ ಕಲಾವಿದರೂ ನಮ್ಮೂರ ಕಸುಬುದಾರರೂ ಒಂದೇ ಸೂರಿನಡಿ ಕೂತು ಏನಾದರೂ ಹೊಸದು ಮಾಡುವುದಕ್ಕೆ ಜಾಗ ಬೇಕು ಅಂದಳು. ಜೊತೆಗೆ ಒಬ್ಬ ಜಪಾನಿ ಹೆಣ್ಣುಮಗಳು ಬಂದಿದ್ದಳು. ಹೆಸರು ನವೋಕೊ, ಅವರಪ್ಪನೂ ಮರದ ಬೊಂಬೆ ಕಡೆಯುವವನೇ ಅಂತೆ.

ನಾನು ರೂಢಿಯಂತೆ ಮನಸ್ಸಿನಲ್ಲಿದ್ದ ಬಾಡಿಗೆಯ ಎರಡರಷ್ಟು ಹೇಳಿದೆ. ಅವರು ಅರ್ಧಕ್ಕೆ ಕೇಳಬೇಕು, ನಾನು ಹಣೆ ಚಚ್ಚಿಕೊಳ್ಳಬೇಕು, ಆಮೇಲೆ ನಡುವೆ ಎಲ್ಲೋ ಸೇರಬೇಕು, ಇದು ಧರ್ಮ. ನವೋಕೊ ಮಸಿ ಹಿಡಿದ ಗೋಡೆಯನ್ನು ಸವರಿ, ಕಣ್ಣರಳಿಸಿ, "ಸರಿ" ಅಂದುಬಿಟ್ಟಳು. ಗರಡಿಗೆ ಇಳಿದ ಪೈಲ್ವಾನನಿಗೆ ಎದುರಾಳಿ ಕೈಮುಗಿದು ಹೊರಟುಹೋದರೆ ಹೇಗಿರುತ್ತದೆ? ತಡೆಯಲಾರದೆ ನಾನೇ ಇಳಿಸಿದೆ. ಅವಳು ರೇಷ್ಮಾ ಕಿವಿಯಲ್ಲಿ ಏನೋ ಅಂದಳು.

"ಅಷ್ಟು ಕಮ್ಮಿ ಆದ್ರೆ ನಿಮಗೆ ಅನ್ಯಾಯ ಆಯ್ತದೆ ಅಂತವ್ಳೆ ಅಂಕಲ್. ಒಸಿ ಏರಿಸ್ಬೇಕಂತೆ."

"ಏರ್ಸೋದಾ? ಇನ್ನೂ ಇಳಿಸ್ತೀನಿ ಅನ್ನು!"

ನಾನು ಇಳಿಸುವುದು, ಅವಳು ಏರಿಸುವುದು. ಫಯಾಜ್ ಭಾಯ್ ಕಂಬಕ್ಕೆ ಒರಗಿ ನಗುತ್ತಿದ್ದರು. "ಯಾ ಅಲ್ಲಾ, ಸ್ವಾಮಣ್ಣ, ನಿಮ್ ಆಯಸ್ಸಲ್ಲಿ ಇದೂ ಒಂದು ನೋಡ್ಬೇಕಿತ್ತು ಕಣಣ್ಣ." ಕೊನೆಗೆ ನನ್ನ ಮನಸ್ಸಿನಲ್ಲಿ ಮೊದಲು ಇದ್ದ ಬಾಡಿಗೆಗೇ ಬಂದು ನಿಂತೆವು. ಹೊರಡುವಾಗ ಅವಳು ಬಗ್ಗಿ ನಮಸ್ಕರಿಸಿದಳು. ಮರ್ಯಾದೆಗೆ ನಾನೂ ಬಗ್ಗಿದೆ. ನಾನು ಬಗ್ಗಿದ್ದಕ್ಕೆ ಅವಳು ಇನ್ನೊಮ್ಮೆ ಬಗ್ಗಿದಳು. "ಯಾರಾದ್ರೂ ಒಬ್ರು ನಿಲ್ಸಿ, ಸೊಂಟ ಹೋಯ್ತದೆ" ಅಂತ ಫಯಾಜ್ ಭಾಯ್ ಕೂಗಿದಾಗಲೇ ನಾನು ನೆಟ್ಟಗಾಗಿದ್ದು. ಮುಂದೆ ಏನು ಕಾದಿದೆ ಅನ್ನುವುದು ಆ ದಿನವೇ ನನಗೆ ಹೊಳೆಯಬೇಕಿತ್ತು. ಇನ್ನೊಂದು ವಿಷಯವೂ ಹೊಳೆಯಬೇಕಿತ್ತು. ಮಾರನೇ ವಾರದಿಂದ ಆ ಶೆಡ್ಡಿನ ಬಾಗಿಲಲ್ಲಿ ಎಲ್ಲರೂ ಚಪ್ಪಲಿ ಬಿಡಬೇಕು ಅಂತ ನಿಯಮವಾಯಿತು. ಯೋಚನೆ ಮಾಡಿ, ನನ್ನ ಶೆಡ್ಡಿನೊಳಗೆ ನಾನೇ ಬರಿಗಾಲು!

ಈಗ ಬಸ್ಸಿನ ಕಂಡಕ್ಟರೂ "ಜಪಾನ್ ಶೆಡ್ಡು ಇಳ್ಕೊಳ್ಳಿ" ಅಂತ ಕೂಗುತ್ತಾನೆ. ಒಳಗೆ ನಡೆಯುತ್ತಿದ್ದದ್ದು ಮಾತ್ರ ಜಗಳ. ಫಯಾಜ್ ಭಾಯ್ ಲೇತಿನ ಪಕ್ಕಕ್ಕೆ ಕೂತು ಹಾಲೆ ಮರ ಕಡೆಯುವವರು, ನವೋಕೊ ಲೇತಿನ ಮೂತಿಗೆ ಎದುರಾಗಿ ಕೂತು ಕಡೆಯುವವಳು. ಇವರು ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಬಣ್ಣ ಹತ್ತಿಸಿ, ತಾಳೆಗರಿಯಲ್ಲಿ ಉಜ್ಜಿ ಹೊಳಪು ತರುವವರು. ಅವಳು ಕುಂಚ ಹಿಡಿದು ಉಸಿರು ಕಟ್ಟಿ ಕಣ್ಣು ಮೂಗು ಬರೆಯುವವಳು. ಇಬ್ಬರೂ ಸೇರಿ ಒಂದು ಬೊಂಬೆ ಮಾಡಬೇಕಿತ್ತು, ಅವಳು ಊರಿಗೆ ಹೊರಡುವುದರೊಳಗೆ. ಆದರೆ ಅವಳ ದೇಶದ ಬೊಂಬೆಗೆ ಕೈಕಾಲು ಇರುವುದಿಲ್ಲ, ಬರೀ ಮೈ, ಮೇಲೊಂದು ತಲೆ. ಫಯಾಜ್ ಭಾಯಿಗೆ ಅದನ್ನು ಸಹಿಸಲಾಗದು.

"ಕೂಸಿಗೆ ಕೈ ಇಲ್ದೆ ಹೆಂಗಮ್ಮಾ? ನೊಣ ಕೂತ್ರೆ ಓಡಿಸ್ಕೋಬೇಡ್ವಾ?" ಅಂತ ಅವರು ದಿನಾ ಒಂದು ಜೊತೆ ಕೈ ಕಡೆದು ಅಂಟಿಸುವರು. ಅವಳು ನಗುತ್ತಾ ಬಿಡಿಸಿ ತಟ್ಟೆಗೆ ಹಾಕುವಳು. ಒಂದು ಕಡೆ ಕೈಯಿಲ್ಲದ ಬೊಂಬೆಗಳು, ಇನ್ನೊಂದು ಕಡೆ ಬೊಂಬೆಯಿಲ್ಲದ ಕೈಗಳು. ನಾನು ಸುಮ್ಮನಿರುತ್ತೇನೆಯೇ? "ಜಗಳ ಯಾಕೆ, ಕೀಚೈನ್ ಮಾಡಿ, ಹೈವೇನಾಗೆ ನಿಂತಂಗೇ ಖರ್ಚಾಯ್ತದೆ" ಅಂದೆ. ಇಬ್ಬರೂ ನನ್ನ ಸಲಹೆಯನ್ನು ಬಗ್ಗಿ ಸ್ವೀಕರಿಸಿ, ತಮ್ಮ ಕೆಲಸಕ್ಕೆ ಹೋದರು.

ಇನ್ನು ಡಬ್ಬಿಯ ವಿಚಾರ. ನನ್ನ ಹೆಂಡತಿ ಸುಶೀಲಳಿಗೆ ತವರಿನಿಂದ ಬಂದ ಒಂದು ಸ್ಟೀಲ್ ಡಬ್ಬಿಯಿದೆ. ಅದರ ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ "ಚನ್ನಾಜಮ್ಮ" ಅಂತ ಕೊರೆಸಿದೆ. ಅವರು ನಮ್ಮತ್ತೆ, ಈಗಿಲ್ಲ. ಅವರ ಮನೆತನದಲ್ಲಿ ಯಾವ ಹೆಣ್ಣುಮಗಳ ಸೀಮಂತವಾದರೂ ಎಳ್ಳುಬೆಲ್ಲ ಕುಟ್ಟಿದ ಚಿಗಳಿ ಉಂಡೆ ಆ ಡಬ್ಬಿಯಲ್ಲೇ ಹೋಗಬೇಕು. ಅಂಥಾ ಡಬ್ಬಿಯಲ್ಲಿ ಸುಶೀಲ ಗೌರಿ ಹಬ್ಬಕ್ಕೆ ಕಜ್ಜಾಯ ಹಾಕಿ, "ಪಾಪ, ಆ ಜಪಾನಿನ ಮಗೀಗೆ ಕೊಟ್ಬುಟ್ಟು ಬನ್ನಿ" ಅಂತ ನನ್ನ ಕೈಗೆ ಕೊಟ್ಟಳು.

ನೆರೆಯವರ ಪಾತ್ರೆಯನ್ನು ಖಾಲಿ ವಾಪಸ್ಸು ಕೊಡಬಾರದು ಅನ್ನುವುದು ನಮ್ಮ ಕಡೆ ಕಾನೂನಿಗಿಂತ ಗಟ್ಟಿ. ಏನೂ ಇಲ್ಲದಿದ್ದರೆ ತಳದಲ್ಲಿ ಒಂದು ಚಿಟಿಕೆ ಸಕ್ಕರೆಯಾದರೂ ಇರಬೇಕು. ಚಿಕ್ಕಂದಿನಲ್ಲಿ ಆ ಸಕ್ಕರೆ ಪಾತ್ರೆ ಹೊರುವವನ ಕೂಲಿ ಅಂತಲೇ ನಾನು ನಂಬಿದ್ದೆ. ನಮ್ಮವ್ವ ಪಾತ್ರೆಯ ಒಳಗೆ ಬೆರಳಾಡಿಸಿ ನೋಡಿ, "ಆ ಮನೆಯೋರು ಬರಿ ಪಾತ್ರೆ ಕೊಡೋ ಜನ ಅಲ್ವೇ ಅಲ್ಲ, ಎಲ್ಲಿ, ಬಾಯಿ ತೆಗಿ" ಅನ್ನುತ್ತಿದ್ದರು.

ಜಪಾನಿನಲ್ಲೂ ಇದೇ ಕಾನೂನು ಇದೆ ಅಂತ ನಮಗೇನು ಗೊತ್ತು? ಡಬ್ಬಿ ಅಕ್ಕಿಯ ಗರಿಗರಿ ಬಿಲ್ಲೆ ತುಂಬಿಕೊಂಡು ಬಂತು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವಳು ಅದನ್ನು ಒಂದು ನೀಲಿ ಬಟ್ಟೆಯಲ್ಲಿ ಗಂಟು ಕಟ್ಟಿ ಕಳಿಸಿದ್ದಳು, ಅವಳ ಅಜ್ಜಿಯ ಕಾಲದ ಬಟ್ಟೆ. ಡಬ್ಬಿ ನಮ್ಮದು, ಬಟ್ಟೆ ಅವಳದು. ಬಟ್ಟೆಯನ್ನು ವಾಪಸ್ಸು ಕೊಡಬೇಕು, ಖಾಲಿ ಕೊಡುವ ಹಾಗಿಲ್ಲ. ಎಣ್ಣೆ ತಿಂಡಿಯನ್ನು ಬರೀ ಬಟ್ಟೆಯಲ್ಲಿ ಕಟ್ಟುವುದಕ್ಕೂ ಆಗುವುದಿಲ್ಲ. ಆದ್ದರಿಂದ ನಿಪ್ಪಟ್ಟು ಡಬ್ಬಿಯೊಳಕ್ಕೆ, ಡಬ್ಬಿ ಬಟ್ಟೆಯೊಳಕ್ಕೆ. ಈಗ ಬಟ್ಟೆ ಅವಳದು, ಡಬ್ಬಿ ನಮ್ಮದು. ಅವಳು ಡಬ್ಬಿ ತುಂಬಿ, ಬಟ್ಟೆಯಲ್ಲಿ ಕಟ್ಟಿ ಕಳಿಸಿದಳು.

ನಡುವೆ ಓಡಾಡಿದ ಎತ್ತು ನಾನು. ಒಂದು ಸಲ ಕಪ್ಪಗೆ ಹಾಳೆ ಹಾಳೆಯಾಗಿ ಏನೋ ಬಂತು. ನಾನು ಕಾರ್ಬನ್ ಪೇಪರ್ ಅಂತ ಮೇಜಿನ ಖಾನೆಯಲ್ಲಿ ಜೋಪಾನವಾಗಿಟ್ಟೆ. ಅದು ಸಮುದ್ರದ ಪಾಚಿಯಂತೆ, ತಿನ್ನುವುದಂತೆ. ಇನ್ನೊಂದು ಸಲ ಹಸಿರು ಪುಡಿ ಬಂತು. ಸುಶೀಲ ಮೆಹಂದಿ ಅಂತ ಕಲಸಿ ತಲೆಗೆ ಹಚ್ಚಿಕೊಂಡಳು. ಅದು ಟೀ ಪುಡಿ. ಕೂದಲು ಕೆಂಪಾಗಲಿಲ್ಲ. ಅವಳ ತಲೆಯಿಂದ ಬಂದ ಒಳ್ಳೆ ಟೀ ವಾಸನೆಗೆ ನನಗೆ ಮಾತ್ರ ಗಳಿಗೆಗೊಮ್ಮೆ ಬಾಯಾರಿಕೆಯಾಗುತ್ತಿತ್ತು. ಜಪಾನಿನಿಂದ ತಂದದ್ದೆಲ್ಲ ಮುಗಿದ ಮೇಲೆ ನವೋಕೊ ಚನ್ನಪಟ್ಟಣದ ಬೇಕರಿಯಲ್ಲಿ ಕೊಂಡು ಕಳಿಸತೊಡಗಿದಳು. ಮನೆಯಿಂದ ಹೊರಟ ಕೋಡುಬಳೆಗೆ ಬೇಕರಿಯ ಕೋಡುಬಳೆ ಉತ್ತರವಾಗಿ ಬಂದ ದಿನ ನಾನು ನಿರ್ಧಾರ ಮಾಡಿದೆ. ಸಾಕು, ಇದನ್ನು ನಿಲ್ಲಿಸಬೇಕು.

ಎತ್ತನ್ನೂ ಹಗ್ಗವನ್ನೂ, ಅಂದರೆ ಡಬ್ಬಿಯನ್ನೂ ಬಟ್ಟೆಯನ್ನೂ, ಬೇರೆ ಮಾಡಿದರೆ ವ್ಯಾಪಾರ ತಾನಾಗಿಯೇ ನಿಲ್ಲುತ್ತದೆ ಅಂತ ನನ್ನ ಲೆಕ್ಕ. ದಸರೆಗೆ ಸುಶೀಲ ಒಬ್ಬಟ್ಟು ತುಂಬಿ ಕಟ್ಟಿಕೊಟ್ಟ ಗಂಟನ್ನು ದಾರಿಯಲ್ಲೇ ಬಿಚ್ಚಿ, ಬಟ್ಟೆ ಜೇಬಿಗಿಟ್ಟುಕೊಂಡು, ಬರೀ ಡಬ್ಬಿ ಕೊಟ್ಟುಬಂದೆ. ನಿಜಕ್ಕೂ ನಿಂತುಹೋಯಿತು. ಒಂದು ವಾರವಾಯಿತು, ಎರಡು ವಾರವಾಯಿತು, ಡಬ್ಬಿ ಬರಲೇ ಇಲ್ಲ.

ನಾನು ಮೀಸೆ ತಿರುವಿಕೊಂಡಿರುವಾಗಲೇ ದೊಡ್ಡಮಳೂರಿನಿಂದ ನಾದಿನಿಯ ಫೋನು ಬಂತು. ಅವಳ ಮಗಳ ಸೀಮಂತ, ಬರುವ ಶುಕ್ರವಾರ.

"ಡಬ್ಬಿ ಎಲ್ರೀ?" ಅಂದಳು ಸುಶೀಲ.

"ಅಲ್ಲೇ ಐತೆ, ಶೆಡ್ಡಲ್ಲಿ."

"ಅಲ್ಯಾಕೈತೆ? ಅವ್ಳು ಗುರುವಾರ ಊರಿಗೆ ಹೊರಡ್ತಾವ್ಳೆ ಅಂತ ರೇಷ್ಮಾ ಅಂತಿದ್ಲು. ಅವ್ಳ ಬಟ್ಟೆ ನಿಮ್ ಅಂಗಿ ಜೇಬಲ್ಲಿ ಸಿಕ್ತಲ್ಲ, ಅದ್ಯಾಕೆ?"

ನಾನು ಎತ್ತು-ಹಗ್ಗದ ಸಿದ್ಧಾಂತ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು, ಅದೇ ಭಯ. "ನಮ್ಮವ್ವನ ಡಬ್ಬಿ ಇಲ್ದೆ ನಾನು ದೊಡ್ಡಮಳೂರಿಗೆ ಕಾಲಿಡಾಕಿಲ್ಲ. ನಮ್ ತಂಗಿ ಆಯಸ್ಸು ಪೂರ್ತಿ ಆಡ್ಕೋತಾಳೆ. ಊರಿಗೆಲ್ಲಾ ಬುದ್ಧಿ ಹೇಳ್ತೀರಲ್ಲ, ಹೋಗಿ, ಈಸ್ಕೊಂಡ್ ಬನ್ನಿ."

ಹೋದೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟೆ, ಆಗಲೇ ಅರ್ಧ ಸೋತ ಹಾಗೆ. ರೇಷ್ಮಾ ನವೋಕೊಳ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳಿದಳು: "ಕೊಡ್ದೆ ಏನಿಲ್ಲ ಅಂಕಲ್. ಒಬ್ಬಟ್ಟಿಗೆ ಸರಿಸಾಟಿ ಏನು ಹಾಕೋದು ಅಂತ ಹೊಳೀತಿಲ್ವಂತೆ. ಹೊಳೆಯೋತಂಕ ಇಟ್ಕೋತಾಳಂತೆ."

"ಖಾಲಿ ಕೊಡಕ್ಕೇಳವ್ವ, ನಮಗೇನು ಬೇಜಾರಿಲ್ಲ."

ಅದನ್ನು ಜಪಾನಿಯಲ್ಲಿ ಕೇಳಿದ ನವೋಕೊ ನನ್ನನ್ನು ನೋಡಿದ ರೀತಿ ಹೇಳಲಾರೆ. ತಾಳಿ ಅಡ ಇಡಲು ಹೇಳಿದವನನ್ನು ನೋಡುವ ಹಾಗಿತ್ತು. ಇತ್ತ ಮನೆಯಲ್ಲಿ ಸುಶೀಲಳೂ ನೀಲಿ ಬಟ್ಟೆಯನ್ನು ಖಾಲಿ ಕೊಡಲು ಒಪ್ಪಳು. ಏನಾದರೂ ಕೊಟ್ಟರೆ ನವೋಕೊ ತಲೆಯ ಮೇಲೆ ಇನ್ನೊಂದು ಋಣ, ಡಬ್ಬಿ ಇನ್ನೂ ದೂರ. ಗುರುವಾರ ವಿಮಾನ, ಶುಕ್ರವಾರ ಸೀಮಂತ.

ಆಗ ನನಗೆ ಟವೆಲ್ಲು ನೆನಪಾಯಿತು. ಇಬ್ಬರೂ ಒಂದೇ ಗಳಿಗೆಯಲ್ಲಿ, ಟವೆಲ್ಲಿನ ಕೆಳಗೆ, ಡಬ್ಬಿಯನ್ನೂ ಬಟ್ಟೆಯನ್ನೂ ಖಾಲಿಯಾಗಿ ಬದಲಾಯಿಸಿಕೊಳ್ಳುವುದು. ಯಾರು ಖಾಲಿ ಕೊಟ್ಟರು ಅಂತ ಯಾರೂ ನೋಡಿದ ಹಾಗಿಲ್ಲ. ಸ್ವರ್ಗದಲ್ಲಿರುವ ನಮ್ಮತ್ತೆಗೂ ಕಾಣುವುದಿಲ್ಲ, ಅವಳ ಅಜ್ಜಿಗೂ ಕಾಣುವುದಿಲ್ಲ. ಈ ಉಪಾಯಕ್ಕೆ ಸುಶೀಲ "ಹೂಂ" ಅಂದಳು, ಅತ್ತ ನವೋಕೊ ಚಪ್ಪಾಳೆ ತಟ್ಟಿದಳು. ಜಾಗ ಮಾತ್ರ ಶೆಡ್ಡು ಬೇಡ, ಫಯಾಜ್ ಭಾಯ್ ಅಂಗಡಿ ಅಂತ ನಾನು ಪಟ್ಟು ಹಿಡಿದೆ. ಅಲ್ಲಿ ನೆಲದ ತುಂಬ ಮರದ ಹೊಟ್ಟು, ಯಾರೂ ಚಪ್ಪಲಿ ಬಿಡುವುದಿಲ್ಲ.

ಬುಧವಾರ ಬೆಳಿಗ್ಗೆ ನಾನು ಗಟ್ಟಿ ಚಪ್ಪಲಿ ಮೆಟ್ಟಿಕೊಂಡು ಹೋದೆ. ಸುಶೀಲಳೂ ಒಂದು ಪ್ಲಾಸ್ಟಿಕ್ ಕವರು ಹಿಡಿದು ಹಿಂದೆ ಬಂದಳು. ನವೋಕೊ ರೇಷ್ಮಾ ಜೊತೆ ಬಂದವಳೇ ಬೂಟು ಬಿಚ್ಚಿ ಬಾಗಿಲಲ್ಲಿ ಜೋಡಿಸಿಟ್ಟು, ಹೊಟ್ಟಿನ ಮೇಲೆ ಕಾಲುಚೀಲದಲ್ಲಿ ನಡೆದು ಬಂದಳು. ಒಬ್ಬ ಅತಿಥಿ ಹಾಗೆ ನಿಂತಿರುವಾಗ ನಾನು ಚಪ್ಪಲಿಯಲ್ಲಿ ನಿಲ್ಲುವುದು ಹೇಗೆ? ಬಿಟ್ಟೆ. ಮುಗಿಯಿತು ಅಂದುಕೊಂಡೆ.

ಫಯಾಜ್ ಭಾಯ್ ನನ್ನ, ನವೋಕೊಳ ಕೈ ಮೇಲೆ ನನ್ನ ಟವೆಲ್ಲು ಹೊದಿಸಿ ಥೇಟ್ ಸಂತೆಯವರ ಹಾಗೆ ಕೂಗಿದರು. "ಹೂಂ, ಆಗ್ಲಿ ವ್ಯಾಪಾರ! ಒಂದು, ಎರಡು..."

ನಾನು ಬಟ್ಟೆ ಬಿಟ್ಟೆ, ಡಬ್ಬಿ ಹಿಡಿದೆ. ಡಬ್ಬಿ ಭಾರವಾಗಿತ್ತು. ಅಲ್ಲಾಡಿಸಿದರೆ ಗಲಗಲ ಅಂತು.

"ಖಾಲಿ ಅಂತ ಮಾತಾಗಿತ್ತಲ್ವಾ!" ಅಂತ ಕಿರುಚಿದೆ. ನವೋಕೊ ನೆಲ ನೋಡಿದಳು, ಫಯಾಜ್ ಭಾಯ್ ಸೂರು ನೋಡಿದರು. ಮುಚ್ಚಳ ತೆಗೆದೆ. ಒಳಗೊಂದು ಮರದ ಬೊಂಬೆ, ಅಂಗೈ ಉದ್ದದ್ದು. ಕೆಂಪು-ಹಳದಿ ಅರಗಿನ ಮೈ ಫಯಾಜ್ ಭಾಯಿಯದು, ಕೂದಲೆಳೆಯಂಥ ಹುಬ್ಬು, ಚೂರೇ ಚೂರು ನಗು ನವೋಕೊಳದು. ಕೈ ಇರಲಿಲ್ಲ. ಎತ್ತಿ ಅಲ್ಲಾಡಿಸಿದರೆ ಗಿಲಕಿಯ ಹಾಗೆ ಸದ್ದು ಮಾಡಿತು.

"ಕೊನೆಗೂ ಕೈ ಇಲ್ದೇನೆ ಒಪ್ಕೊಂಡ್ಬುಟ್ರಾ ಭಾಯ್?" ಅಂದೆ.

"ಇಲ್ಲ ಅಂತ ಯಾರಂದ್ರು? ಕೈ ಎಲ್ಲಾ ತುಂಡು ಮಾಡಿ ಹೊಟ್ಟೆ ಒಳಿಕ್ಕೆ ಹಾಕಿದೀವಿ. ಆಡ್ಸಿದ್ರೆ ಚಪ್ಪಾಳೆ ತಟ್ತದೆ, ಕೇಳಿ."

ದೊಡ್ಡಮಳೂರಿನಲ್ಲಿ ಹುಟ್ಟುವ ಕೂಸಿಗೆ ಅಂತ ರೇಷ್ಮಾ ಹೇಳಿದಳು. ನನ್ನಿಂದ ಸೀಮಂತದ ಸುದ್ದಿ ಕೇಳಿದಾಗಲೇ ನವೋಕೊಳಿಗೆ ಒಬ್ಬಟ್ಟಿಗೆ ಸರಿಸಾಟಿ ಹೊಳೆದಿತ್ತಂತೆ. ಹೊಳೆದ ಮೇಲೂ ಬಾಯಿಬಿಡದೆ ನನ್ನ ಟವೆಲ್ಲಿನ ಒಪ್ಪಂದಕ್ಕೆ ಚಪ್ಪಾಳೆ ತಟ್ಟಿದ್ದಳು! ನಾನು ಹಲ್ಲು ಕಡಿದು ಮೆಚ್ಚಿಕೊಂಡೆ. ಸಂತೆಯಲ್ಲಿ ಇಂಥವಳು ಎದುರಾಗಿದ್ದರೆ ನನಗೆ ಮನೆ ಕಟ್ಟಲಾಗುತ್ತಿರಲಿಲ್ಲ.

ಆಗ ಸುಶೀಲ ನನ್ನ ಕಡೆ ತಿರುಗಿದಳು. "ಅಂದ್ರೆ, ಬರಿ ಕೈಯಲ್ಲಿ ಕೊಟ್ಟೋರು ನೀವೊಬ್ರೇ ಆಯ್ತು."

"ಮಾತು ಅಂದ್ಮೇಲೆ ಮಾತು ಕಣೇ..."

"ಸುಮ್ಕಿರಿ. ನಂಗೆ ಮೊದ್ಲೇ ಗೊತ್ತಿತ್ತು." ಅವಳು ಪ್ಲಾಸ್ಟಿಕ್ ಕವರು ಬಿಚ್ಚಿದಳು. ಅಕ್ಕಿ, ಬೆಲ್ಲದಚ್ಚು, ಅರಿಶಿನದ ಕೊಂಬು, ಎಲೆಯಡಿಕೆ, ಒಂದು ತೆಂಗಿನಕಾಯಿ. "ಮನೆಯಿಂದ ಹೆಣ್ಣುಮಗಳು ಹೊರಟ್ರೆ ಮಡಿಲು ತುಂಬ್ದೆ ಕಳ್ಸಕಾಯ್ತದಾ? ಬಾ ಮಗಾ, ಸೆರಗು ಒಡ್ಡು."

ನವೋಕೊ ಪ್ಯಾಂಟು ಹಾಕಿದ್ದಳು, ಸೆರಗು ಎಲ್ಲಿಂದ ತರುವುದು? ನೀಲಿ ಬಟ್ಟೆ ಅಷ್ಟಕ್ಕೆಲ್ಲ ಸಾಲುವಂತಿರಲಿಲ್ಲ. ಸುಶೀಲ ಸುತ್ತ ನೋಡಿ, ನನ್ನ ಕೈಯಿಂದ ಟವೆಲ್ಲು ಕಿತ್ತು, ಅವಳ ಸೊಂಟಕ್ಕೆ ಸಿಕ್ಕಿಸಿ, ತುದಿ ಹಿಡಿಸಿ ತುಂಬಿದಳು. ಒಂದು ಹಿಡಿ ಅಕ್ಕಿ ತವರಿಗೆ ವಾಪಸ್ಸು ಬಿಡಬೇಕು ಅಂತ ರೇಷ್ಮಾ ಹೇಳಿಕೊಟ್ಟಾಗ ನವೋಕೊ ಆ ಹಿಡಿಯನ್ನು ನಮ್ಮತ್ತೆಯ ಡಬ್ಬಿಯೊಳಗೇ ಹಾಕಿದಳು. ಹಾಕುವಾಗ ಕಂಠದ ಮೇಲಿನ ಚುಕ್ಕಿಗಳನ್ನು ಸವರಿ ಇದೇನು ಅಂತ ಕೇಳಿದಳು. ಹೆಸರು ಅಂತ ರೇಷ್ಮಾ ವಿವರಿಸಿದಳು. ಎಷ್ಟು ಮನೆ ಸುತ್ತಿದರೂ ಪಾತ್ರೆ ಕೊನೆಗೆ ಯಾರ ಮನೆಗೆ ಬರಬೇಕು ಅಂತ ತಿಳಿಯಲಿ ಎಂದು ಹಾಕಿಸುವುದು. ನವೋಕೊ ಬಹಳ ಹೊತ್ತು ತಲೆಯಾಡಿಸಿದಳು. ಆ ತಲೆಯಾಟದ ಅರ್ಥ ಆಗ ನನಗೆ ಆಗಲಿಲ್ಲ.

ಶುಕ್ರವಾರ ಡಬ್ಬಿ ಚಿಗಳಿ ತುಂಬಿಕೊಂಡು ದೊಡ್ಡಮಳೂರಿಗೆ ಹೋಯಿತು. ಬೊಂಬೆ ಬಸುರಿಯ ಮಡಿಲು ಸೇರಿತು. ನಾದಿನಿ ಆಡಿಕೊಳ್ಳಲು ಏನೂ ಸಿಗದೆ ನನ್ನ ಬರಿ ಹೆಗಲನ್ನು ಆಡಿಕೊಂಡಳು. "ಭಾವ, ಟವೆಲ್ ಯಾರು ಜಪ್ತಿ ಮಾಡಿದ್ರು?"

ಆ ಟವೆಲ್ಲೇ ಮೊನ್ನೆ ಬಂದದ್ದು. ಬರೀ ಟವೆಲ್ಲು ಬಂದಿದೆ ಅಂದುಕೊಂಡಿರಾ? ಅದರ ಗಂಟಿನೊಳಗೆ ಕಡೆದು ಮಾಡಿದ ಒಂದು ಮರದ ಡಬ್ಬಿ, ಡಬ್ಬಿಯ ತುಂಬ ಅಕ್ಕಿಯ ಬಿಲ್ಲೆ. ನಾನು ಒಂದನ್ನು ಬಾಯಿಗೆ ಹಾಕಿಕೊಂಡು, "ನೋಡು ಸುಶೀಲ, ಟವೆಲ್ಲು ನಮ್ದು, ಬಂತು. ಡಬ್ಬಿ ನಮಗೇ ಅಂತ ಕೊಟ್ಟವ್ಳೆ. ಲೆಕ್ಕ ಚುಕ್ತಾ" ಅಂದೆ.

ಅವಳು ಡಬ್ಬಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. ಕಂಠದ ಸುತ್ತ ಕುಂಚದ ತುದಿಯಿಂದ ಚುಕ್ಕಿ ಚುಕ್ಕಿಯಾಗಿ, ಸ್ವಲ್ಪ ಸೊಟ್ಟಗೆ, ಕನ್ನಡದಲ್ಲಿ ಬರೆದಿತ್ತು: "ನವೋಕೊ".

ಹೆಸರು ಹಾಕಿದ ಪಾತ್ರೆ. ವಾಪಸ್ಸು ಹೋಗಲೇಬೇಕು. ಖಾಲಿ ಹೋಗುವ ಹಾಗಿಲ್ಲ.

"ಚಕ್ಕುಲಿ ಆದ್ರೆ ಅಷ್ಟು ದೂರ ಹೋಗೋವಾಗ ಮುರೀತದೆ" ಅಂತ ಸುಶೀಲ ಆಗಲೇ ಅಡುಗೆಮನೆ ಸೇರಿದ್ದಳು. "ಚಿಗಳಿ ಕುಟ್ಟುತೀನಿ. ಆ ಟವೆಲ್ ಇಲ್ಲೇ ಮಡಗಿ, ಕಟ್ಟಕ್ಕೆ ಬೇಕು. ನೀವು ಹೋಗಿ ಬೇರೆ ತಗೊಳ್ಳಿ."

ಎಂ.ಜಿ. ರಸ್ತೆಯ ಜವಳಿ ಅಂಗಡಿಗೆ ಹೋಗಿ, ಎರಡು ಟವೆಲ್ಲು ಕೊಡಿ, ಗಟ್ಟಿಯಾಗಿರಲಿ, ವಿಮಾನದಲ್ಲಿ ಓಡಾಡುವಂಥದ್ದು ಅಂದೆ. ಅಂಗಡಿಯವನು ನನ್ನ ಹಳೆಯ ವೈರಿ. ಬೆಲೆ ಹೇಳಿ, ನನ್ನ ಬಾಯಿಂದ ಏನು ಬರುತ್ತದೋ ಅಂತ ಕಾದ. ನಾನು ಅವನು ಹೇಳಿದಷ್ಟನ್ನೂ ಎಣಿಸಿ ಮುಂದಿಟ್ಟೆ. ಅವನು ಗಾಬರಿಯಾಗಿ ಮೇಲಿನಿಂದ ಕೆಳಗಿನವರೆಗೆ ನನ್ನನ್ನು ನೋಡಿದ.

"ಅಣ್ಣೋ, ಮೈಯಲ್ಲಿ ಹುಷಾರಾಗಿದ್ದೀರಾ? ಚಪ್ಪಲಿ ಎಲ್ಲಿ?"

ಆಗ ಕೆಳಗೆ ನೋಡಿಕೊಂಡೆ. ಮನೆಯಿಂದ ಬರಿಗಾಲಲ್ಲೇ ಬಂದಿದ್ದೆ.